ಎರಡನೇ ಪ್ರಾಶಸ್ತ್ಯದ ಮತ ಯಾವಾಗ ಲೆಕ್ಕಕ್ಕೆ ಬರುತ್ತದೆ?

ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದ ಚುನಾವಣೆಯಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ ನಮ್ಮ ಇಷ್ಟದ ಕ್ರಮದಲ್ಲಿ (ಪ್ರಾಶಸ್ತ್ಯ) 1, 2, 3 ಎಂದು ಅಂಕಿ ಬರೆಯುತ್ತೇವೆ. ಅಲ್ಲಿ ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಮುಂದಿದ್ದವರು ಕೊನೆಗೆ ಸೋತದ್ದು ಹೇಗೆ, ಎರಡನೆಯವರಿಗೂ ಅಂಕಿ ಹಾಕಿದರೆ ನಮ್ಮ ಅಭ್ಯರ್ಥಿಗೇ ಪೆಟ್ಟು ಬೀಳುವುದಿಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಬೀಳುವುದಿಲ್ಲ. ನಾನು ಜಗಳೂರು ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕ, ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರದ ಮತದಾರ. ಇದೇ ಅನುಮಾನದಿಂದ ನನ್ನ ಸಹೋದ್ಯೋಗಿಗಳಲ್ಲಿ ಅನೇಕರು ‘1’ ಎಂದಷ್ಟೇ ಬರೆದು ಬರುವುದನ್ನು ಕಂಡು ಬೇಸರವಾಗುತ್ತದೆ.

ಇಲ್ಲಿ ತುಂಬಬೇಕಾದ ಸ್ಥಾನ ಒಂದೇ. ಸಿಂಧುವಾದ ಮತಗಳನ್ನು ಎರಡರಿಂದ ಭಾಗಿಸಿ, ಶೇಷವನ್ನು ಬಿಟ್ಟು, ಒಂದನ್ನು ಕೂಡಿಸಿದರೆ ಗೆಲುವಿನ ಕೋಟಾ ಸಿಗುತ್ತದೆ. 1,000 ಸಿಂಧು ಮತಗಳಿದ್ದರೆ ಅದು 501. ‘ಅ’ ಅವರಿಗೆ 420, ‘ಬ’ ಅವರಿಗೆ 380, ‘ಕ’ ಅವರಿಗೆ 200 ಮೊದಲ ಪ್ರಾಶಸ್ತ್ಯದ ಮತಗಳು ಬಂದಿವೆ ಎನ್ನಿ. ಯಾರೂ ಕೋಟಾ ಮುಟ್ಟದ ಕಾರಣ ಕಡೆಯಲ್ಲಿರುವ ‘ಕ’ ಅವರನ್ನು ಸ್ಪರ್ಧೆಯಿಂದ ಕೈಬಿಟ್ಟು, ಅವರ ಕಟ್ಟಿನ 200 ಮತಪತ್ರಗಳನ್ನು ಮಾತ್ರ ಮತ್ತೆ ಬಿಚ್ಚಿ, ‘2’ ಯಾರಿಗಿದೆ ಎಂದು ಒಂದೊಂದಾಗಿ ನೋಡುತ್ತಾರೆ. 150 ಪತ್ರಗಳು ‘ಬ’ ಅವರಿಗೆ, 30 ‘ಅ’ ಅವರಿಗೆ ಹೋಗಿ, 20ರಲ್ಲಿ ಮುಂದಿನ ಅಂಕಿಯೇ ಇಲ್ಲದಿದ್ದರೆ, ‘ಬ’ 530 ಮತಗಳೊಂದಿಗೆ ಗೆಲ್ಲುತ್ತಾರೆ, ‘ಅ’ 450ಕ್ಕೆ ನಿಲ್ಲುತ್ತಾರೆ. ‘ಅ’ ಅವರಿಗೆ ‘1’ ಕೊಟ್ಟವರು ‘2’ ಯಾರಿಗೆ ಕೊಟ್ಟಿದ್ದಾರೆಂದು ಇಲ್ಲಿ ಯಾರೂ ನೋಡಲೇ ಇಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ನಿಮ್ಮ ಮೊದಲ ಆಯ್ಕೆಯವರು ಕಣದಲ್ಲಿರುವಷ್ಟು ಹೊತ್ತು ನಿಮ್ಮ ಮತ ಅವರದೇ. ಆ 20 ಮತದಾರರು ಮಾತ್ರ, ಉಳಿದಿಬ್ಬರಲ್ಲಿ ಯಾರಾಗಬೇಕೆಂದು ಹೇಳುವ ಅವಕಾಶವನ್ನು ತಾವಾಗಿಯೇ ಬಿಟ್ಟುಕೊಟ್ಟರು.

ಗೊಂದಲ ಹುಟ್ಟುವುದು ಬಹುಶಃ ರಾಜ್ಯಸಭೆಯ ಲೆಕ್ಕದಿಂದ. ಅಲ್ಲಿ ಸ್ಥಾನಗಳು ಹಲವು, ಒಂದೊಂದು ಮತದ ಮೌಲ್ಯ 100. ನಮ್ಮ 224 ಶಾಸಕರೂ ಸಿಂಧುವಾಗಿ ಮತ ಹಾಕಿ ನಾಲ್ಕು ಸ್ಥಾನ ತುಂಬಬೇಕಾದರೆ, 22,400ನ್ನು ಐದರಿಂದ ಭಾಗಿಸಿ ಒಂದನ್ನು ಸೇರಿಸಿದ 4,481 ಕೋಟಾ ಆಗುತ್ತದೆ. ‘45 ಮತ ಬೇಕು’ ಎಂಬ ಮಾತು ಬಂದದ್ದು ಹೀಗೆ. ಗೆದ್ದವರ ಹೆಚ್ಚುವರಿ ಮತಮೌಲ್ಯವೂ ಅಲ್ಲಿ ಮುಂದಿನವರಿಗೆ ವರ್ಗವಾಗುತ್ತದೆ. ನಮ್ಮಲ್ಲಿ ಒಬ್ಬರು ಕೋಟಾ ಮುಟ್ಟಿದರೆ ಎಣಿಕೆಯೇ ಮುಗಿಯುತ್ತದೆ.

ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಅಂಕಿ ಬರೆಯಿರಿ. ಅಭ್ಯಾಸಬಲದಿಂದ ಟಿಕ್ ಹಾಕಿದರೂ, ‘ಒಂದು’ ಎಂದು ಅಕ್ಷರದಲ್ಲಿ ಬರೆದರೂ, ಇಬ್ಬರಿಗೆ ‘1’ ಕೊಟ್ಟರೂ ಮತ ತಿರಸ್ಕೃತವಾಗುತ್ತದೆ.