ಚೀಲಕ್ಕೆ ಎರಡು ಕಿಲೋ

ನನ್ನ ಹತ್ತಿರ ಕೌನ್ಸೆಲಿಂಗಿಗೆ ಬಂದ ಒಬ್ಬರ ಕಥೆ ಇದು. ಊರು, ವಯಸ್ಸು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ಒಂದೇ ಷರತ್ತು ಹಾಕಿದರು: “ನನ್ನನ್ನ ದೊಡ್ಡ ಮನುಷ್ಯ ಮಾಡ್ಬೇಡಿ ಮೇಡಂ.” ಆಯ್ತು, ಮಾಡಲ್ಲ.

ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ ಅವರು ರೈಟರು. ಬಯಲುಸೀಮೆಯವರಿಗೆ ಹೇಳಬೇಕಲ್ವಾ, ರೈಟರು ಅಂದರೆ ತೋಟದ ಹಾಜರಿ, ತೂಕ, ಬಟವಾಡೆ ಲೆಕ್ಕ ಬರೆಯುವವರು. ಇರುವುದು ತೋಟದ್ದೇ ಮನೆಯಲ್ಲಿ. ಮಗಳು ಹಾಸನದಲ್ಲಿ ಡಿಗ್ರಿ ಓದುತ್ತಾಳೆ. ನಿದ್ದೆ ಬರಲ್ಲ ಅಂತ ಡಾಕ್ಟರ ಹತ್ತಿರ ಹೋಗಿದ್ದಾರೆ. ಅವರು ಬಿಪಿ, ಶುಗರ್ ನೋಡಿ ಏನಿಲ್ಲ ಅಂದು ನನ್ನ ಹತ್ತಿರ ಕಳಿಸಿದರು. ಮೊದಲ ದಿನ ಮುಕ್ಕಾಲು ಗಂಟೆ ನಿದ್ದೆ, ಕಾಫಿ, ಮೊಬೈಲು ಇಷ್ಟೇ ಮಾತಾಯ್ತು. ಎದ್ದು ಹೋಗಿ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದರು, “ಮೇಡಂ, ಕಂಡೂ ಸುಮ್ನಿರೋದು ಜಾಣತನಾನಾ, ಹೇಡಿತನಾನಾ?” ಈ ಕೆಲಸದಲ್ಲಿ ನಿಜವಾದ ವಿಷಯ ಸುಮಾರು ಸಲ ಚಪ್ಪಲಿ ಹತ್ತಿರವೇ ಬರುತ್ತದೆ. ವಾಪಸ್ ಕೂರಿಸಿದೆ.

ವಿಷಯ ಇಷ್ಟು. ರೊಬಸ್ಟಾ ಕೊಯ್ಲು ನಡೆಯುತ್ತಿದೆ. ಹಣ್ಣು ಕುಯ್ಯುವವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ, ಕಿಲೋಗೆ 5 ರೂಪಾಯಿ. ತೋಟ ನೋಡಿಕೊಳ್ಳುವುದು ಸಾಹುಕಾರರ, ಅಂದರೆ ತೋಟದ ಮಾಲೀಕರ, ಅಕ್ಕನ ಮಗ. ಈ ವರ್ಷದಿಂದ ಅವನು ಪ್ರತಿ ಚೀಲಕ್ಕೆ 2 ಕಿಲೋ ಮುರಿಯಲು ಹೇಳಿದ್ದಾನೆ, “ಚೀಲದ ತೂಕ, ನೀರಿನ ತೂಕ” ಅಂತ. ಆದರೆ ಹೆಂಗಸರು ಹಣ್ಣು ತುಂಬುವುದು ಗೊಬ್ಬರದ ಖಾಲಿ ಪ್ಲಾಸ್ಟಿಕ್ ಚೀಲಕ್ಕೆ, ಅದು ಕಾಲು ಕಿಲೋನೂ ತೂಗಲ್ಲ. ಒಬ್ಬರಿಗೆ ದಿನಕ್ಕೆ ಎರಡು ಚೀಲ ಅಂದರೆ 4 ಕಿಲೋ, 20 ರೂಪಾಯಿ. 35 ಜನಕ್ಕೆ ದಿನಕ್ಕೆ 700. ಆ ದುಡ್ಡು ಸಾಹುಕಾರರಿಗೆ ಹೋಗುತ್ತದೋ ಮಧ್ಯದಲ್ಲೇ ನಿಲ್ಲುತ್ತದೋ ರೈಟರಿಗೆ ಗೊತ್ತಿಲ್ಲ. ಪುಸ್ತಕದಲ್ಲಿ ಬರೆಯುವ ಕೈ ಮಾತ್ರ ಅವರದು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಅವರ ಮುಖ ನೋಡಲಾಗದೆ, “ಮನೆಯವರನ್ನ ಕಾಪಾಡೋದೂ ನಿಮ್ಮ ಧರ್ಮವೇ ಅಲ್ವಾ” ಅಂದುಬಿಟ್ಟೆ. ಅವರು ಎಷ್ಟು ಬೇಗ ತಲೆಯಾಡಿಸಿದರು ಅಂದರೆ, ಆ ಮಾತಿಗೇ 40 ಕಿಲೋಮೀಟರ್ ಬಸ್ಸಲ್ಲಿ ಬಂದಿದ್ದರು ಅನ್ನುವುದು ಆಗಲೇ ನನಗೆ ಹೊಳೆಯಿತು. ಮುಂದಿನ ವಾರ ಬಂದಾಗ ನಿದ್ದೆ ಇನ್ನೂ ಕೆಟ್ಟಿತ್ತು.

ಎರಡನೇ ಸಲ ಸಮಾಧಾನ ಹೇಳಲು ಹೋಗಲಿಲ್ಲ. ಅವರು ಕೇಳಿದ ಪದವನ್ನೇ ಹಿಡಿದುಕೊಂಡೆವು. ಜಾಣತನ. ಮಗುವಿಗೆ “ಜಾಣಮರಿ” ಅನ್ನುವ ನಾವೇ ಜಾಣಕುರುಡು, ಜಾಣಕಿವುಡು ಅಂತಲೂ ಅನ್ನುತ್ತೇವೆ. ವಿವೇಕಕುರುಡು ಅಂತ ಯಾರಾದರೂ ಅಂದಿದ್ದು ಕೇಳಿದ್ದೀರಾ? ರೈಟರು ನಕ್ಕರು, ಮೊದಲ ಸಲ. ವಿವೇಕ ಅನ್ನುವ ಪದದ ಮೂಲ ಅರ್ಥವೇ ಬೇರ್ಪಡಿಸುವುದು. ಅದು ಅವರಿಗೆ ಹೊಸದಲ್ಲ, ದಿನಾ ಸಂಜೆ ತೂಕಕ್ಕೆ ಮುಂಚೆ ಹೆಂಗಸರು ಚೀಲ ಸುರಿದು ಹಸಿರು ಕಾಯಿ, ಹಣ್ಣು ಬೇರೆ ಮಾಡುವಾಗ ಪಕ್ಕದಲ್ಲಿ ನಿಲ್ಲುವವರು ಅವರೇ. ಹಾಗೇ ಅವರ ಭಯವನ್ನೂ ಸುರಿದು ಆರಿಸಿ ನೋಡೋಣ ಅಂದೆ. ಮನೆ ಬಿಡಿಸಿಯಾರು ಅನ್ನುವುದು ನಿಜವಾದ ಭಯ. ಮಗಳ ಫೀಸು, ಅದೂ ನಿಜ. “ಸಾಹುಕಾರರಿಗೆ ಬೇಜಾರಾಗುತ್ತೆ” ಅನ್ನುವುದು ಹಸಿರು ಕಾಯಿ. “ಎಲ್ಲಾ ತೋಟದಲ್ಲೂ ಇದೇ” ಅನ್ನುವುದು ಬರೀ ಎಲೆ, ಕಡ್ಡಿ.

ಓದಿದ್ದನ್ನು ಕ್ಲೈಂಟ್ ಮುಂದೆ ತರುವುದು ನನಗೆ ಅಷ್ಟು ಇಷ್ಟವಿಲ್ಲ, ಆದರೆ ಅವರು ತಾವಾಗಿ ಕೇಳಿದರು, ಇದನ್ನ ಹಿಂದೆ ಯಾರೂ ಯೋಚಿಸಿಲ್ವಾ ಅಂತ. ಯೋಚಿಸದೆ ಏನು. 2,300 ವರ್ಷಕ್ಕೂ ಹಿಂದೆ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಇದನ್ನೇ ಬಿಡಿಸಿದ್ದ. ಯಾವ ಗುರಿಯನ್ನಾದರೂ ಮುಟ್ಟುವ ಚುರುಕು ಒಂದು, ಒಳ್ಳೆಯ ಗುರಿಗೆ ಸರಿಯಾದ ದಾರಿ ಕಾಣುವ ವಿವೇಕ ಇನ್ನೊಂದು. ಕಳ್ಳನಿಗೂ ಮೊದಲನೆಯದು ಇರಬಹುದು. ಒಳ್ಳೆಯತನವಿಲ್ಲದೆ ವಿವೇಕಿ ಆಗಲಾರ, ವಿವೇಕವಿಲ್ಲದೆ ಪೂರ್ತಿ ಒಳ್ಳೆಯವನೂ ಆಗಲಾರ ಅಂದ ಅವನು. ಜರ್ಮನ್ ತತ್ವಜ್ಞಾನಿ ಕಾಂಟ್ 1785ರಲ್ಲಿ ಅಂಗಡಿಯವನ ಉದಾಹರಣೆ ಕೊಟ್ಟ: ಏನೂ ತಿಳಿಯದ ಗಿರಾಕಿಗೂ, ಮಗುವಿಗೂ ಒಂದೇ ಬೆಲೆ ಹೇಳುತ್ತಾನೆ, ಆದರೆ ವ್ಯಾಪಾರ ಕೆಡಬಾರದು ಅಂತ ಹಾಗೆ ಮಾಡಿದರೆ ಅದರಲ್ಲಿ ನೀತಿಯ ಬೆಲೆ ಏನು ಬಂತು? ರೈಟರು ತಟ್ಟನೆ ಅಂದರು, “ಬೆಲೆ ಇಲ್ದೇ ಇರಬಹುದು ಮೇಡಂ. ಆದ್ರೆ ಆ ಮಗೂಗೆ ಮೋಸ ಆಗ್ಲಿಲ್ವಲ್ಲ.” ಮೋಸ ಆಗಲಿಲ್ಲ ಅನ್ನುವುದನ್ನು ಕಾಂಟ್ ಕೂಡ ಒಪ್ಪುತ್ತಿದ್ದ, ಆದರೆ ನೀತಿಯ ಬೆಲೆ ಅಷ್ಟಕ್ಕೇ ಬರಲ್ಲ ಅನ್ನುತ್ತಿದ್ದ ಅನ್ನಿ. ನನಗಂತೂ ರೈಟರ ಮಾತೇ ಜಾಸ್ತಿ ಹಿಡಿಸಿತು. ಕೂಲಿಯವರಿಗೆ ಬೇಕಿರುವುದು ರೈಟರ ಶುದ್ಧ ಮನಸ್ಸಲ್ಲ, ಸರಿ ತೂಕ.

ಸಾಮಾನ್ಯವಾಗಿ ಹೀಗೆ ಮಾಡಿ, ಹಾಗೆ ಮಾಡಿ ಅಂತ ನಾನು ಹೇಳುವುದಿಲ್ಲ. ಮೂರನೇ ಸಲ ಹೇಳಿದೆ.

ಮೊದಲು ತೂಗಿ. ಖಾಲಿ ಚೀಲ ಹತ್ತು, ಒಣಗಿದ್ದು ಐದು, ಇಬ್ಬನಿಯಲ್ಲಿ ನೆನೆದದ್ದು ಐದು. ಒದ್ದೆ ಗೋಣಿಚೀಲ ಬಂದರೆ ಅದನ್ನೂ ಬೇರೆಯಾಗಿ ತೂಗಿ, ಯಾಕೆಂದರೆ ಆ ಹುಡುಗ ಹೇಳುವುದರಲ್ಲಿ ಸ್ವಲ್ಪ ನಿಜ ಇದ್ದರೆ ಅದು ನಿಮಗೆ ಮೊದಲೇ ಗೊತ್ತಿರಬೇಕು. ದಿನಾ ಎಷ್ಟು ಚೀಲ, ಎಷ್ಟು ಮುರಿದದ್ದು, ಬೇರೆ ನೋಟ್‌ಬುಕ್ಕಲ್ಲಿ ಬರೆದಿಡಿ. ಹೆಂಡತಿಗೆ ಹೇಳಿ. (ಇದುವರೆಗೂ ಹೇಳಿರಲಿಲ್ಲ! ಹೇಳಿದಾಗ ಆಕೆ, “ಲೈನಲ್ಲಿ ಎಲ್ಲರಿಗೂ ಗೊತ್ತು, ನಿಮ್ಮನ್ನೂ ಸೇರಿಸಿ ಬಯ್ತಾರೆ” ಅಂದರಂತೆ. ಲೈನು ಅಂದರೆ ಕೂಲಿಯವರ ಸಾಲುಮನೆ. 13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ವಿವೇಕಕ್ಕೆ ಎಂಟು ಅಂಗ ಹೇಳುತ್ತಾನೆ, ಇನ್ನೊಬ್ಬರಿಂದ ಕಲಿಯುವ ಗುಣವೂ ಅದರಲ್ಲಿ ಒಂದು. ಬಹುಶಃ ಅಲ್ಲೇ ನಮ್ಮ ಗಂಡಸರು ಫೇಲು.)

ಆಮೇಲೆ ಕಾಲಿಟ್ಟಲ್ಲಿ ನೆಲ ಇದೆಯಾ ನೋಡಿಕೊಳ್ಳಿ. ಮಗಳ ಈ ವರ್ಷದ ಫೀಸು ಮೊದಲು ಕಟ್ಟಿ. ಮನೆ ಬಿಡಿ ಅಂದರೆ ಎಲ್ಲಿ ಹೋಗುವುದು? ಅರಕಲಗೂಡಲ್ಲಿ ಬಾಮೈದ ಇದ್ದಾರೆ, ಅವರನ್ನು ಈಗಲೇ ಕೇಳಿ. ಇದು ಪುಕ್ಕಲುತನ ಅಲ್ಲ. ಇಷ್ಟು ಮಾಡಿಕೊಂಡರೆ ಮಾತಾಡುವಾಗ ಗಂಟಲು ಒಣಗುವುದಿಲ್ಲ.

ಮಾತಾಡುವುದು ಸಾಹುಕಾರರ ಹತ್ತಿರ, ಒಬ್ಬರೇ ಇದ್ದಾಗ. ಬಟವಾಡೆ ದಿನ ಬೇಡ, ಹತ್ತು ಜನರ ಎದುರು ಬೇಡವೇ ಬೇಡ. ಕಳ್ಳತನ ಅನ್ನುವ ಪದ ಬಾಯಿಗೆ ಬರಬಾರದು, ಯಾಕೆಂದರೆ ದುಡ್ಡು ಎಲ್ಲಿಗೆ ಹೋಗುತ್ತಿದೆ ಅನ್ನುವುದು ನಿಮಗೆ ಗೊತ್ತಿಲ್ಲ. ಗೊತ್ತಿರುವುದು ಚೀಲದ ತೂಕ, ಅದನ್ನಷ್ಟೇ ಹೇಳಿ. ಕೂತು ಬಾಯಿಪಾಠ ಮಾಡಿದೆವು: “ಖಾಲಿ ಚೀಲ ತೂಗಿ ನೋಡಿದೆ, ಎರಡು ಕಿಲೋ ಬರ್ತಿಲ್ಲ. ಪುಸ್ತಕ ಬರೆಯೋನು ನಾನು. ಇಲ್ಲದ್ದನ್ನ ಬರೆಯೋಕೆ ಕೈ ಬರ್ತಿಲ್ಲ.” ಕೇಳದಿದ್ದರೆ ಮುಂದಿನದು ಕಾರ್ಮಿಕ ಇಲಾಖೆ, ಅದನ್ನು ಆಗ ನೋಡೋಣ.

“ಸಮಯ ನೋಡಿ ಹೇಳ್ತೀನಿ” ಅಂದರು. ಅಲ್ಲಿ ಮಾತ್ರ ನಾನು ಬಿಡಲಿಲ್ಲ. ಯಾವ ಸಮಯ? ವಿವೇಕದಿಂದ ಕಾಯುವವರಿಗೆ ಒಂದು ತಾರೀಖು ಇರುತ್ತದೆ. ಹೆದರಿ ಕಾಯುವವರಿಗೆ ಅದು ಇರಲ್ಲ, ಕೊಯ್ಲು ಮುಗಿದು ಮಳೆಗಾಲ ಬಂದರೂ ಕಾಯುತ್ತಲೇ ಇರುತ್ತಾರೆ. ಗೋಡೆಯ ಕ್ಯಾಲೆಂಡರಲ್ಲಿ ಅವರ ಕೈಯಲ್ಲೇ ಒಂದು ಮಂಗಳವಾರಕ್ಕೆ ಗುರುತು ಹಾಕಿಸಿದೆ.

ಮಂಗಳವಾರ ಹೇಳಲಿಲ್ಲ. ಬುಧವಾರ ಹೇಳಿದರು.

ಸಾಹುಕಾರರು ಪೂರ್ತಿ ಕೇಳಿ “ಹ್ಞೂಂ” ಅಂದರಂತೆ, ಅಷ್ಟೇ. ಸೋಮವಾರದಿಂದ ಪ್ಲಾಸ್ಟಿಕ್ ಚೀಲಕ್ಕೆ ಕಾಲು ಕಿಲೋ ಮುರಿಯುವುದು ಅಂತಾಯ್ತು. ಅಕ್ಕನ ಮಗ ಮಾತು ಬಿಟ್ಟಿದ್ದಾನೆ. ರೈಟರನ್ನು ತೂಕದಿಂದ ತೆಗೆದು ಪಲ್ಪರ್, ಅಂದರೆ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ ಹತ್ತಿರ ಹಾಕಿದ್ದಾರೆ, ಮನೆ ಸದ್ಯಕ್ಕೆ ಇದೆ. ನಿದ್ದೆ ಬರುತ್ತಿದೆಯಾ ಕೇಳಿದೆ. “ಬರುತ್ತೆ, ನಾಲ್ಕು ಗಂಟೆಗೆ ಎಚ್ಚರ ಆಗುತ್ತೆ.” ಯಾಕೆ ಅಂದರೆ, ಲೈನಿನ ಒಬ್ಬ ಅಜ್ಜಿ ದಾರಿಯಲ್ಲಿ ನಿಲ್ಲಿಸಿ ಕೇಳಿದರಂತೆ, “ಇನ್ಮೇಲೆ ಸರಿ ಆಯ್ತು ರೈಟ್ರೇ, ಇಷ್ಟು ದಿನದ್ದು?”

ನೋಟ್‌ಬುಕ್ಕಲ್ಲಿ ಅವರು ತೂಕದಲ್ಲಿದ್ದ ಕೊನೇ ದಿನದವರೆಗಿನ ಲೆಕ್ಕ ಇದೆ. ಮುಂದಿನ ವಾರ ಅದನ್ನು ತೆಗೆದುಕೊಂಡು ಬರಲು ಹೇಳಿದ್ದೇನೆ. ಈ ಸಲ ಹೆಂಡತಿಯೂ ಬರುತ್ತಾರಂತೆ.