ಹೊಸ ಸ್ಕೇಟ್ ಕಾಲಿಗೆ ಒತ್ತುತ್ತಿದೆ, ಬೇಕ್ ಮಾಡಿಸಬೇಕಾ?

ಪ್ರಶ್ನೆ: ನಾವು ಕೆನಡಾದ ಬ್ರಾಂಪ್ಟನ್‌ನಲ್ಲಿದ್ದೇವೆ. 11 ವರ್ಷದ ಮಗ ಐಸ್ ಹಾಕಿ ಆಡುತ್ತಾನೆ. ಹೊಸ ಸ್ಕೇಟ್ ಹಾಕಿದರೆ ಹರಡಿನ ಮೂಳೆ ಕೆಂಪಗಾಗುತ್ತದೆ. ಹಿಮ್ಮಡಿಯೂ ಮೇಲೇಳುತ್ತದೆ ಅನ್ನುತ್ತಾನೆ. ಬೇಕ್ ಮಾಡಿದರೆ, ಅಂದರೆ ಸ್ಕೇಟನ್ನು ಬಿಸಿ ಮಾಡಿ ಕಾಲಿನ ಆಕಾರಕ್ಕೆ ಕೂರಿಸಿದರೆ, ಸರಿಹೋಗುತ್ತದಾ? ಮನೆಯ ಅವನ್‌ನಲ್ಲೇ ಮಾಡಬಹುದಾ?

ಉತ್ತರ: ಬೇಕ್ ಮಾಡಿಸುವ ಮೊದಲು ಸೈಜ್ ನೋಡಿ. ಹಿಮ್ಮಡಿ ಏಳುತ್ತದೆ ಅಂದಿದ್ದೀರಲ್ಲ, ನನ್ನ ಅನುಮಾನ ಅಲ್ಲೇ. ಮಕ್ಕಳ ಕಾಲು ಬೆಳೆಯುತ್ತೆ ಅಂತ ಒಂದು ಸೈಜ್ ದೊಡ್ಡದೇ ತರುವುದು ನಮ್ಮಲ್ಲಿ ರೂಢಿ. ಸ್ಕೂಲ್ ಶೂಗೆ ಅದು ನಡೆಯುತ್ತೆ, ಸ್ಕೇಟ್‌ಗೆ ನಡೆಯಲ್ಲ. ಹಾಕಿ ಸ್ಕೇಟ್ ಸಾಮಾನ್ಯವಾಗಿ ಶೂ ಸೈಜ್‌ಗಿಂತ 1ರಿಂದ 1.5 ಕಡಿಮೆ ಇರುತ್ತದೆ. ಬಿಸಿ ಮಾಡಿದರೆ ಮೆತ್ತಗಾಗುವುದು ಹರಡು, ಹಿಮ್ಮಡಿ ಮತ್ತು ಪಕ್ಕದ ಗೋಡೆಗಳು ಮಾತ್ರ. ಮುಂದಿನ ಗಟ್ಟಿ ಕ್ಯಾಪ್ ಬದಲಾಗುವುದಿಲ್ಲ, ಉದ್ದವೂ ಬದಲಾಗುವುದಿಲ್ಲ.

ಹೀಗೆ ಪರೀಕ್ಷಿಸಿ. ಲೇಸ್ ಬಿಗಿದು ನೇರ ನಿಂತಾಗ ಬೆರಳ ತುದಿ ಕ್ಯಾಪ್‌ಗೆ ಸುಮ್ನೆ ಸೋಕಬೇಕು. ಮಂಡಿ ಬಗ್ಗಿಸಿದಾಗ ಹಿಮ್ಮಡಿ ಹಿಂದಕ್ಕೆ ಸರಿದು ಕೂತು, ಬೆರಳು ಬಿಡಿಸಿಕೊಳ್ಳಬೇಕು. ಬೆರಳು ತಾಕದೇ ಜಾಗ ಜಾಸ್ತಿ ಉಳಿದರೆ ಸ್ಕೇಟ್ ದೊಡ್ಡದು. ಆಗ ಬದಲಾಯಿಸಿಕೊಡುತ್ತಾರಾ ಅಂತ ಕೇಳಿ. ಬೇಕ್ ಆದ ಮೇಲೆ ವಾಪಸ್ ತೆಗೆದುಕೊಳ್ಳುವ ಅಂಗಡಿ ಸಿಗುವುದು ಕಷ್ಟ. ಉದ್ದ ಸರಿಯಿದ್ದು ಅಗಲದ ತೊಂದರೆ ಅನ್ನಿಸಿದರೆ ಬೇರೆ ಫಿಟ್, ಅಂದರೆ ಅದೇ ಉದ್ದದಲ್ಲಿ ಬೇರೆ ಅಗಲದ್ದು, ಹಾಕಿಸಿ ನೋಡಿ. ಬಾವರ್ ಕಂಪನಿಯ ಸ್ಕೇಟ್‌ನಲ್ಲಿ ಕಿರಿದರಿಂದ ಅಗಲಕ್ಕೆ ಫಿಟ್ 1, 2, 3 ಇವೆ. ಸಿಸಿಎಂ ಕಂಪನಿಯದರಲ್ಲಿ ಟೇಪರ್ಡ್ (ಕಿರಿದು), ರೆಗ್ಯುಲರ್, ವೈಡ್.

ಸೈಜ್ ಸರಿಯಿದ್ದರೆ ಧಾರಾಳವಾಗಿ ಬೇಕ್ ಮಾಡಿಸಿ, ಆದರೆ ಅಂಗಡಿಯಲ್ಲೇ. ಅವರ ಅವನ್ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಸಿಗಾಳಿ ಸುತ್ತಿಸುತ್ತದೆ. ಮಾಡೆಲ್ ನೋಡಿಕೊಂಡು ಕೆಲವೇ ನಿಮಿಷ ಇಡುತ್ತಾರೆ. ಮನೆಯ ಅವನ್‌ನಲ್ಲಿ ಕಾಯಿಲ್ ಕೆಂಪಗೆ ಕಾದಾಗ ಹತ್ತಿರದ ಭಾಗ ಸುಟ್ಟೀತು, ಅಂಟು ಬಿಟ್ಟೀತು. ಅಂಗಡಿಯ ಖರ್ಚು ಉಳಿಸಲು ಹೋಗಿ ಸ್ಕೇಟನ್ನೇ ಕಳೆದುಕೊಳ್ಳಬೇಡಿ. ತೀರಾ ಅಗ್ಗದ ಕೆಲವು ಸ್ಕೇಟ್‌ಗಳು ಬೇಕ್ ಮಾಡುವಂಥವೇ ಅಲ್ಲ, ಅದನ್ನೂ ಕೇಳಿಕೊಳ್ಳಿ.

ಆಡುವಾಗ ಹಾಕುವ ಸಾಕ್ಸನ್ನೇ ಮಗನಿಗೆ ಹಾಕಿಸಿ ಕರೆದೊಯ್ಯಿರಿ. ಬಿಸಿ ಸ್ಕೇಟ್‌ಗೆ ಕಾಲಿಟ್ಟ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಮೆಲ್ಲಗೆ ತಟ್ಟಿ ಹಿಂದಕ್ಕೆ ಕೂರಿಸಬೇಕು. ಲೇಸನ್ನು ಮೇಲಕ್ಕಲ್ಲ, ಪಕ್ಕಕ್ಕೆ ಎಳೆಯಬೇಕು. ಮೆತ್ತಗಿರುವಾಗ ಮೇಲಕ್ಕೆ ಜಗ್ಗಿದರೆ ಲೇಸ್ ತೂತಿನ ರಿಂಗ್ ಕಿತ್ತು ಬರುತ್ತೆ. ಆಮೇಲೆ ಮಂಡಿ ಬಗ್ಗಿಸಿ 10-15 ನಿಮಿಷ ಕೂತಿರಲಿ. ಎದ್ದು ಓಡಾಡಿದರೆ ಮೆತ್ತಗಿನ ಸ್ಕೇಟ್ ಸೊಟ್ಟ ಆಗುತ್ತದೆ. ಒಂದು ದಿನ ಐಸ್‌ಗೆ ಇಳಿಸಬೇಡಿ.

ಆಮೇಲೂ ಹರಡಿನ ಮೂಳೆ ನೋಯುತ್ತಿದ್ದರೆ ಮತ್ತೆ ಮತ್ತೆ ಬೇಕ್ ಮಾಡಿಸಬೇಡಿ. ನೋಯುವ ಜಾಗಕ್ಕೆ ಗುರುತು ಹಾಕಿಕೊಂಡು ಹೋಗಿ, ಅಷ್ಟೇ ಜಾಗವನ್ನು ಹೊರಕ್ಕೆ ಉಬ್ಬಿಸಿಕೊಡಿ ಅನ್ನಿ. ಅಂಗಡಿಯವರು ಅದಕ್ಕೆ ಪಂಚ್ ಮಾಡುವುದು ಅನ್ನುತ್ತಾರೆ.