ಮದುವೆಯ ಡಿವಿಡಿಗೆ 30 ಅಲ್ಲ, 60 ಕೂಡ ಅಲ್ಲ

ಕೋಲಾರದಲ್ಲಿ ನಡೆದ ಅಕ್ಕನ ಮದುವೆಯ ಡಿವಿಡಿಯನ್ನು ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ಆರಿಸಿ ಕಂಪ್ಯೂಟರಿಗೆ ಇಳಿಸಿದ್ದೀರಿ. ಮೆರವಣಿಗೆ ತಡವರಿಸುತ್ತಿದೆ, 60 ಮಾಡಲೇ ಎಂದು ಕೇಳಿದ್ದೀರಿ. ಬೇಡ. ನಮ್ಮ ಕಡೆಯ ಸ್ಟುಡಿಯೋಗಳು ಆಗ ಸಾಮಾನ್ಯವಾಗಿ ಬಳಸುತ್ತಿದ್ದುದು ಪಾಲ್ ಎಂಬ ಟಿವಿ ಪದ್ಧತಿ, ಅಂದರೆ ಸೆಕೆಂಡಿಗೆ 25 ಫ್ರೇಮ್. ಅದನ್ನು 30ಕ್ಕೆ ಏರಿಸಿದರೆ ತಂತ್ರಾಂಶವು ಪ್ರತಿ ಐದು ಫ್ರೇಮುಗಳಲ್ಲಿ ಒಂದನ್ನು ಎರಡು ಸಲ ತೋರಿಸಿ ಲೆಕ್ಕ ತುಂಬಿಸುತ್ತದೆ. ತಡವರಿಕೆ ಹುಟ್ಟುವುದು ಅಲ್ಲೇ.

ಮೊದಲು ಮೂಲ ಡಿಸ್ಕಿನಲ್ಲಿ ಅಕ್ಷತೆ ಹಾಕುವ ಕ್ಷಣವನ್ನು ನಿಲ್ಲಿಸಿ ನೋಡಿ. ಎತ್ತಿದ ಕೈಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿದ್ದರೆ ಅದು ಇಂಟರ್‌ಲೇಸ್ಡ್ ವಿಡಿಯೋ: ಒಂದೊಂದು ಫ್ರೇಮಿನಲ್ಲೂ ಸೆಕೆಂಡಿನ ಐವತ್ತನೇ ಒಂದು ಭಾಗದ ಅಂತರದಲ್ಲಿ ಹಿಡಿದ ಎರಡು ಅರ್ಧ ಚಿತ್ರಗಳು. ವಿಡಿಯೋ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ, ಈ ಹಲ್ಲುಗಳನ್ನು ತೆಗೆಯುವ ಡಿಇಂಟರ್‌ಲೇಸ್ ಫಿಲ್ಟರಿನ ‘ಬಾಬ್’ ಆಯ್ಕೆಯನ್ನು ಹಾಕಿ, ಫ್ರೇಮ್ ದರಕ್ಕೆ 50 ಎಂದೇ ಕೊಡಿ. ಎರಡು ಅರ್ಧಗಳೂ ಪ್ರತ್ಯೇಕ ಫ್ರೇಮುಗಳಾಗಿ ಓಲಗದವರ ಬೆರಳಾಟವೂ ನುಣುಪಾಗಿ ಕಾಣುತ್ತದೆ. ಕಡತ ತುಸು ದೊಡ್ಡದಾಗುತ್ತದೆ, ಆಗಲಿ ಬಿಡಿ. ಮದುವೆಯ ವಿಡಿಯೋದಲ್ಲಿ ಜಾಗ ಉಳಿಸಿ ಏನು ಮಾಡುವುದು? ಹಲ್ಲುಗಳು ಕಾಣದಿದ್ದರೆ 25 ಸಾಕು.

ಸಿನಿಮಾ ಡಿಸ್ಕುಗಳಿಗೆ ಇದೇ ಸೂತ್ರ ಹಚ್ಚಬೇಡಿ. ನಮ್ಮಲ್ಲಿ ಮಾರಾಟವಾದ ಕೆಲವು ಡಿಸ್ಕುಗಳು ಎನ್‌ಟಿಎಸ್‌ಸಿ ಎಂಬ ಅಮೆರಿಕದ ಟಿವಿ ಪದ್ಧತಿಯವು, ಫ್ರೇಮ್ ದರ 29.97 ಎಂದು ತೋರಿಸುತ್ತವೆ. ಒಳಗಿರುವುದು ಫಿಲ್ಮಿನಿಂದ ಬಂದ ಚಿತ್ರವಾದರೆ ಫಿಲ್ಮನ್ನು ಟಿವಿ ದರಕ್ಕೆ ಹೊಂದಿಸಲು ಸೇರಿಸಿದ ಹೆಚ್ಚುವರಿ ಅರ್ಧ ಚಿತ್ರಗಳನ್ನು ತೆಗೆಯುವ ಡಿಟೆಲಿಸಿನ್ ಫಿಲ್ಟರ್ ಹಾಕಿ 23.976ಕ್ಕೆ ಇಳಿಸಬೇಕು. ಯಾವುದನ್ನೇ ಆಗಲಿ, ಮೊದಲು ಒಂದೇ ಅಧ್ಯಾಯವನ್ನು ಪರಿವರ್ತಿಸಿ ಟಿವಿಯಲ್ಲಿ ಹಾಕಿ ನೋಡಿ.